ಗಾಳಿ ತಗ್ಗಿದರೂ ಮಳೆ ತಗ್ಗುವುದಿಲ್ಲ

"ನೆಲಕ್ಕೆ ಬಂದ ಮೇಲೆ ಹರಿಕೇನ್ ದುರ್ಬಲಗೊಳ್ಳುತ್ತದೆ, ಒಳನಾಡಿನವರು ನಿರಾಳವಾಗಿರಬಹುದು" ಎಂದು ಅಮೆರಿಕದ ಚಂಡಮಾರುತಗಳ (ಹರಿಕೇನ್) ಬಗೆಗಿನ ಲೇಖನ ಹೇಳುವ ಮಾತನ್ನು ಖಂಡಿತ ಒಪ್ಪಲಾಗದು. ಹರಿಕೇನ್‌ಗಳಿಗೆ ಕೊಡುವ ಕೆಟಗರಿ 1ರಿಂದ 5 ಎನ್ನುವುದು ಗಾಳಿಯ ವೇಗದ ಅಳತೆ, ಮಳೆಯ ಲೆಕ್ಕ ಅದರಲ್ಲಿಲ್ಲ. 2024ರ ಸೆಪ್ಟೆಂಬರ್ 26ರ ರಾತ್ರಿ ಕೆಟಗರಿ 4ರ ಬಲದಲ್ಲಿ ಫ್ಲೋರಿಡಾಕ್ಕೆ ಅಪ್ಪಳಿಸಿದ ಹೆಲೀನ್ ಹರಿಕೇನ್, ಬೆಳಗಾಗುವಷ್ಟರಲ್ಲಿ ಜಾರ್ಜಿಯಾದಲ್ಲಿ ಹರಿಕೇನ್ ಮಟ್ಟದಿಂದ ಕೆಳಗಿಳಿದಿತ್ತು. ಆದರೂ ಉತ್ತರ ಕೆರೊಲಿನಾದ ಒಳನಾಡಿನ ಬ್ಯೂಸಿಕ್‌ನಲ್ಲಿ ಒಟ್ಟು 780 ಮಿ.ಮೀ. ಮಳೆ ಬಿತ್ತು! ಹಿಂದಿನ ದಿನವೇ ಶುರುವಾಗಿದ್ದ ಮಳೆಗೆ ನೆಲ ತೊಯ್ದು ನೀರು ಕುಡಿಯದ ಸ್ಥಿತಿಗೆ ಬಂದಿತ್ತು. ಅದರ ಮೇಲೆ ತೇವದ ಗಾಳಿ ಬ್ಲೂ ರಿಡ್ಜ್ ಬೆಟ್ಟವೇರಿ ತಣ್ಣಗಾಗಿ ಅಲ್ಲೇ ಸುರಿಯಿತು, ನಮ್ಮ ಆಗುಂಬೆಯಲ್ಲಿ ಆಗುವ ಹಾಗೆ. ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ದಾಖಲೆಯನ್ನೂ ಮೀರಿ ಉಕ್ಕಿತು.

ಅಮೆರಿಕದ ಆ ಕಡೆ ಇರುವ ಕನ್ನಡಿಗರು ಕೋನ್ ನಕ್ಷೆಯೊಂದನ್ನೇ ನಂಬಬೇಡಿ. ಅದು ಚಂಡಮಾರುತದ ಕೇಂದ್ರ ಎಲ್ಲಿ ಸಾಗಬಹುದು ಎಂದಷ್ಟೇ ತೋರಿಸುತ್ತದೆ, ಮಳೆ ಅದರಾಚೆಗೂ ಬೀಳುತ್ತದೆ. ದಿಢೀರ್ ಪ್ರವಾಹದ 'ವಾಚ್' (ಪ್ರವಾಹ ಬರಬಹುದು ಎಂಬ ಮುನ್ಸೂಚನೆ) ಬಂದಾಗಲೇ ಸಿದ್ಧರಾಗಿ. 'ವಾರ್ನಿಂಗ್' (ಪ್ರವಾಹ ಬಂದೇಬಿಟ್ಟಿದೆ ಇಲ್ಲವೇ ಈಗಲೇ ಬರಲಿದೆ ಎಂಬ ಎಚ್ಚರಿಕೆ) ಬಂತೆಂದರೆ ತಡಮಾಡದೆ ಎತ್ತರದ ಜಾಗಕ್ಕೆ ಹೋಗಿ. ಕರೆಂಟ್ ಹೋದರೆ ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸಲೇಬೇಡಿ. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಕಿಟಕಿಗೆ ಬೆನ್ನು ಮಾಡಿರಲಿ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.