ಸತ್ಯಾಂಶ: ಗೇರ್‌ಬಾಕ್ಸ್ ಸೋರಿಕೆಗೆ ಬ್ರೇಕ್ ಆಯಿಲ್ ಮದ್ದಲ್ಲ

"ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಸೋರುತ್ತಿದ್ದರೆ ಸ್ವಲ್ಪ ಬ್ರೇಕ್ ಆಯಿಲ್ ಸುರಿಯಿರಿ, ಸೀಲ್ ಉಬ್ಬಿ ಸೋರಿಕೆ ನಿಲ್ಲುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದಿದ್ದರೆ, ದಯವಿಟ್ಟು ಹಾಗೆ ಮಾಡಬೇಡಿ. ಸೀಲ್ (ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಬಳೆ) ಉಬ್ಬುವುದು ನಿಜ. ಆದರೆ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಅದು ರಬ್ಬರನ್ನು ಮೆತ್ತಗೆ ಮಾಡುತ್ತದೆ, ಒಳಗಿನ ಕ್ಲಚ್ ಪ್ಲೇಟುಗಳ ಲೈನಿಂಗ್ ಹಿಡಿದಿಟ್ಟ ಅಂಟನ್ನೂ ಕೆಡಿಸುತ್ತದೆ. ಆಮೇಲೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಮೊದಲು ಮೂಲ ಹುಡುಕಿ. ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ), ಅಡಿಭಾಗವನ್ನು ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ. 15–20 ಕಿ.ಮೀ. ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹನಿ ಬೀಳುವ ಜಾಗವನ್ನಲ್ಲ, ಒದ್ದೆಯ ಅತಿ ಮೇಲಿನ, ಮುಂದಿನ ತುದಿಯನ್ನು ಗಮನಿಸಿ.

ಪ್ಯಾನ್ (ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ) ಅಂಚಿನಲ್ಲಿ ಒದ್ದೆ ಕಂಡರೆ ಬೋಲ್ಟ್ ಇನ್ನಷ್ಟು ಬಿಗಿಯುವ ಆಸೆ ಬೇಡ. ತೆಳು ತಗಡು ಬೋಲ್ಟ್ ಸುತ್ತ ಬಾಗಿ, ನಡುವೆ ಸಂದಿ ಬಿಡುತ್ತದೆ. ಪ್ಯಾನ್ ಇಳಿಸಿ, ಅಂಚನ್ನು ಸಮ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ, ಮ್ಯಾನ್ಯುಯಲ್ ಹೇಳುವಷ್ಟೇ ಬಿಗಿತಕ್ಕೆ (ಟಾರ್ಕ್) ಎದುರುಬದುರಾಗಿ ಬಿಗಿಯಿರಿ. ಕೂಲರ್ ಪೈಪ್, ಆಕ್ಸಲ್ ಸೀಲ್ ಬದಲಿಸುವುದೂ ಕಷ್ಟವಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿ ಕೆಂಪೆಣ್ಣೆ (ಗೇರ್‌ಬಾಕ್ಸ್ ಎಣ್ಣೆ) ತೊಟ್ಟಿಕ್ಕಿದರೆ ಮಾತ್ರ ಮುಂದಿನ ಪಂಪ್ ಸೀಲ್ ಮೇಲೆ ಅನುಮಾನ; ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು.

ಎಣ್ಣೆ ಹೆಚ್ಚಾದರೂ ನೊರೆಯಾಗಿ ಬ್ರೀದರ್‌ನಿಂದ (ಗೇರ್‌ಬಾಕ್ಸ್‌ನ ಗಾಳಿ ಕಿಂಡಿ) ಉಕ್ಕುತ್ತದೆ, ಸೋರಿಕೆಯಂತೆಯೇ ಕಾಣುತ್ತದೆ.