ಮ್ಯಾಪ್ ಅಪರಾಧಿ, ಗುಂಡಿ ನಿರಪರಾಧಿ

ಆರೋಪಿ ಮತ್ತೆ ಸಿಕ್ಕಿಬಿದ್ದಿದ್ದಾನೆ. ಊರಿನ ಪ್ರತಿಯೊಬ್ಬರ ಮನೆ ವಿಳಾಸ ಬಲ್ಲ ಈತನಿಗೆ ಸ್ವಂತ ವಿಳಾಸವಿಲ್ಲ. ತಂದೆಯ ಹೆಸರಿಲ್ಲ, ಜಾಮೀನು ಕೊಡಲು ಬಂಧುಗಳಿಲ್ಲ, ಪರವಾಗಿ ದಾವಣಗೆರೆಯ ಜಯದೇವ ವೃತ್ತದಲ್ಲಿ ಧರಣಿ ಕೂರಲು ಒಂದು ಸಂಘವೂ ಇಲ್ಲ. ಇಷ್ಟು ಅನುಕೂಲದ ಆರೋಪಿ ನಮ್ಮ ವ್ಯವಸ್ಥೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಕಾರು ಭದ್ರಾ ನಾಲೆಗೆ ಇಳಿಯಲಿ, ಅರ್ಧ ಕಟ್ಟಿದ ಸೇತುವೆಯ ತುದಿಯಲ್ಲಿ ಮೂತಿ ಹೊರಚಾಚಿ ನಿಲ್ಲಲಿ, ಅಗೆದು ಬಿಟ್ಟ ಚರಂಡಿಗೆ ಮುಂದಿನ ಚಕ್ರ ಇಳಿಸಲಿ, ಮರುದಿನದ ತಲೆಬರಹ ಮೊದಲೇ ಅಚ್ಚಾಗಿ ಕೂತಿರುತ್ತದೆ: ‘ಮ್ಯಾಪ್ ನಂಬಿ ಕೆಟ್ಟರು’. ನಾಲೆಗೆ ತಡೆಗೋಡೆ ಕಟ್ಟಬೇಕಾಗಿದ್ದವರು ಅದನ್ನು ಓದಿ, ಈ ಕಾಲದ ಜನರಿಗೆ ಸ್ವಂತ ಬುದ್ಧಿಯೇ ಇಲ್ಲವಲ್ಲ ಎಂದು ಮರುಗಿ ಕಾಫಿ ಮುಗಿಸುತ್ತಾರೆ.

ಇಂಥ ಸುದ್ದಿ ಬಂದ ದಿನ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಮೊಬೈಲ್ ಇರುವುದು ಮಾತನಾಡಲು, ದಾರಿ ನೋಡಲು ಕಾರಿಗೆಂದೇ ಬೇರೆ ಜಿಪಿಎಸ್ ಪೆಟ್ಟಿಗೆ ಕೊಳ್ಳಬೇಕು ಎನ್ನುವುದು ಒಂದು ಪಕ್ಷ. ಜೇಬಿನಲ್ಲೇ ಪುಕ್ಕಟೆಯಾಗಿ ಇರುವಾಗ ಪೆಟ್ಟಿಗೆಗೆ ಏಕೆ ದುಡ್ಡು ಸುರಿಯಬೇಕು ಎನ್ನುವುದು ಇನ್ನೊಂದು. ಎರಡನೇ ದೋಸೆ ಬರುವ ಹೊತ್ತಿಗೆ ಚರ್ಚೆ ಉಪಗ್ರಹದವರೆಗೆ ಏರಿರುತ್ತದೆ. ಗುಂಡಿಗೆ ಮಾತ್ರ ಇಳಿದಿರುವುದಿಲ್ಲ.

ಪೆಟ್ಟಿಗೆ ಪಕ್ಷಕ್ಕೆ ನಮ್ಮ ಭಾವನವರೇ ಜಿಲ್ಲಾಧ್ಯಕ್ಷರು ಎನ್ನಬಹುದು. ಅವರ ಪೆಟ್ಟಿಗೆ ರಬ್ಬರ್ ಬಟ್ಟಲೊಂದರ ಆಸರೆಯಲ್ಲಿ ಕಾರಿನ ಗಾಜಿಗೆ ಅಂಟಿ ಕೂರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಿರಿಯೂರು ದಾಟುವಷ್ಟರಲ್ಲಿ ಬಟ್ಟಲು ಹಿಡಿತ ಬಿಡುತ್ತದೆ, ಪೆಟ್ಟಿಗೆ ಕ್ಲಚ್ಚಿನ ಪಕ್ಕ ಬೀಳುತ್ತದೆ, ಬಿದ್ದಲ್ಲಿಂದಲೇ ‘ಬಲಕ್ಕೆ ತಿರುಗಿ’ ಎನ್ನುತ್ತದೆ. ಅದರ ಹೊಟ್ಟೆಯಲ್ಲಿರುವ ನಕ್ಷೆ ಕೊಂಡ ದಿನದ್ದು. ಕಂಪ್ಯೂಟರಿಗೆ ಜೋಡಿಸಿ ಹೊಸ ನಕ್ಷೆ ತುಂಬಿಸಬೇಕು ಎಂದು ಕೊಂಡವರಿಗೆಲ್ಲ ಗೊತ್ತು, ತುಂಬಿಸಿದವರನ್ನು ನಾನು ನೋಡಿಲ್ಲ. ಸರ್ಕಾರ 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಕಲಸಿ ನಮ್ಮ 4ನ್ನು 48 ಮಾಡಿದ್ದು ಆ ಪೆಟ್ಟಿಗೆಗೆ ಇನ್ನೂ ತಿಳಿದಿಲ್ಲ. ಹೊಸ ಬೈಪಾಸಿನ ಮೇಲೆ ಕಾರು ನುಣ್ಣಗೆ ಓಡುತ್ತಿದ್ದರೆ ಪರದೆಯ ಮೇಲೆ ಅದು ರಸ್ತೆಯೇ ಇಲ್ಲದ ಬೂದು ಬಯಲಿನಲ್ಲಿ ಅಲೆಯುತ್ತಿರುತ್ತದೆ, ಪೆಟ್ಟಿಗೆ ಗಾಬರಿಯಿಂದ ‘ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ’ ಎಂದು ಗೋಗರೆಯುತ್ತದೆ. ಭಾವನವರು ಕದಲುವುದಿಲ್ಲ. ಅವರ ವಾದದಲ್ಲಿ ತೂಕವೂ ಇದೆ. ಪೆಟ್ಟಿಗೆಗೆ ಯಾರೂ ಕರೆ ಮಾಡುವುದಿಲ್ಲ. ತಿರುವಿನಲ್ಲಿ ಅದರ ಪರದೆಯ ಮೇಲೆ ಗುಲಾಬಿ ಹೂವಿನ ಶುಭೋದಯ ಅರಳುವುದಿಲ್ಲ. ಈಗ ತಾನೇ ಹಾದುಬಂದ ಪೆಟ್ರೋಲ್ ಬಂಕಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಅದು ಕೇಳುವುದಿಲ್ಲ. ಟವರ್ ಇಲ್ಲದ ಕಾಡಿನಲ್ಲೂ ಬಾಯಿ ಮುಚ್ಚುವುದಿಲ್ಲ.

ಮೊಬೈಲ್ ಪಕ್ಷದವರ ಕಷ್ಟ ಬೇರೆ. ಬಿಸಿಲಿಗೆ ಕಾದು ಪರದೆ ಮಂಕಾಗುತ್ತದೆ. ಹೆದ್ದಾರಿಯಿಂದ ಇಳಿಯಬೇಕಾದ ಜಾಗ ಬಂತು ಎನ್ನುವ ಕ್ಷಣಕ್ಕೆ ಸರಿಯಾಗಿ ಸಾಲದ ಕಂಪನಿಯ ಹುಡುಗಿ ಕರೆ ಮಾಡುತ್ತಾಳೆ, ನಕ್ಷೆ ಮರೆಯಾಗುತ್ತದೆ, ಇಳಿಯುವ ಜಾಗ ಹಿಂದೆ ಉಳಿಯುತ್ತದೆ, ಮುಂದಿನ ತಿರುವು ಬರುವ ಮೊದಲು ಟೋಲ್ ಬರುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಚಾಲಕರು ಕೈಯಲ್ಲಿ ಹಿಡಿಯುವ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕದಡದಂತೆ. ಗುಂಡಿಗಳು ಗಮನ ಕದಡಬಾರದೆಂಬ ನಿಯಮ ನನ್ನ ಕಣ್ಣಿಗೆ ಬಿದ್ದಿಲ್ಲ.

ಎರಡೂ ಪಕ್ಷಗಳ ದೇವರು ಒಬ್ಬನೇ ಎನ್ನುವುದು ಈ ಜಗಳದ ತಮಾಷೆ. ಪೆಟ್ಟಿಗೆಯಾಗಲಿ ಮೊಬೈಲಾಗಲಿ ಕಿವಿಗೊಡುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅವೇ ಜಿಪಿಎಸ್ ಉಪಗ್ರಹಗಳಿಗೆ. ಉಪಗ್ರಹ ನಮ್ಮನ್ನು ಬಗ್ಗಿ ನೋಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದಕ್ಕೆ ನಮ್ಮ ಗೊಡವೆಯೇ ಇಲ್ಲ. ತಾನು ಎಲ್ಲಿದ್ದೇನೆ, ಈಗ ಗಂಟೆ ಎಷ್ಟು ಎಂದಷ್ಟೇ ಸಾರುತ್ತಾ ಹೋಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಕೂಗು ತಲುಪಲು ಹಿಡಿದ ಸಮಯವನ್ನು ಲೆಕ್ಕ ಹಾಕಿ ನಮ್ಮ ಯಂತ್ರ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಈ ಉಪಗ್ರಹಗಳನ್ನು ನಡೆಸುವ ಅಮೆರಿಕದ ಸೇನೆ 2000ದವರೆಗೆ ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ನೂರು ಮೀಟರ್‌ವರೆಗೂ ಎಡವಟ್ಟಾಗುತ್ತಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಿಂದ ಅದು ನಿಂತಿತು. ಬೇಕೆಂದು ಮಾಡುವ ತಪ್ಪಿಗೆ ಈ ಒಂದು ಅನುಕೂಲವಿದೆ, ಆದೇಶ ಹೊರಡಿಸಿ ನಿಲ್ಲಿಸಬಹುದು. ನಮ್ಮಲ್ಲಿ ಯಾರೂ ಬೇಕೆಂದು ಏನನ್ನೂ ಮಾಡುವುದಿಲ್ಲವಾದ್ದರಿಂದ ನಿಲ್ಲಿಸುವ ದಾರಿಯೂ ಇಲ್ಲ.

ಮೊಬೈಲಿನಲ್ಲಿ ಪೆಟ್ಟಿಗೆಗಿಲ್ಲದ ಒಂದು ವಿದ್ಯೆ ಇದೆ, ಮುಂದಿನ ವಾಹನದಟ್ಟಣೆಯನ್ನು ಕೆಂಪು, ಹಳದಿ ಗೆರೆಯಲ್ಲಿ ತೋರಿಸುವುದು. ಈ ಜ್ಞಾನ ಆಕಾಶದಿಂದ ಬಂದದ್ದಲ್ಲ, ರಸ್ತೆಯ ಮೇಲಿರುವ ಇತರರ ಜೇಬಿನ ಮೊಬೈಲುಗಳು ಎಷ್ಟು ನಿಧಾನವಾಗಿ ಚಲಿಸುತ್ತಿವೆ ಎಂಬ ಲೆಕ್ಕದಿಂದ ಬಂದದ್ದು. 2020ರ ಆರಂಭದಲ್ಲಿ ಬರ್ಲಿನ್‌ನ ಕಲಾವಿದರೊಬ್ಬರು ಪುಟ್ಟ ಗಾಡಿಯಲ್ಲಿ 99 ಮೊಬೈಲುಗಳನ್ನು ತುಂಬಿಕೊಂಡು ಖಾಲಿ ಬೀದಿಯಲ್ಲಿ ಎಳೆದುಕೊಂಡು ನಡೆದರು, ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. ನಮ್ಮ ಕಡೆ ನಡೆಯುವುದು ಇದರ ತಿರುವುಮುರುವು. ಚಳ್ಳಕೆರೆ ಕಡೆಯ ರಸ್ತೆಯಲ್ಲಿ ಸಂಜೆ ಕುರಿಮಂದೆ ಎದುರಾಗುತ್ತದೆ. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಉಣ್ಣೆ. ಮಂದೆಯ ನಡುವೆ ಕತ್ತೆಯ ಬೆನ್ನ ಮೇಲೆ ನಡೆಯಲಾರದ ಮರಿಗಳು, ಹಿಂದೆ ಕಂಬಳಿ ಹೊದ್ದ ಯಜಮಾನರು, ಅವರ ಜೇಬಿನಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಕುರಿಗಳ ಬಳಿ ಅದೂ ಇಲ್ಲ. ಆದ್ದರಿಂದ ಮ್ಯಾಪಿನ ದೃಷ್ಟಿಯಲ್ಲಿ ಕುರಿಗಳೇ ಇಲ್ಲ, ರಸ್ತೆ ನಿರ್ಮಲ ನೀಲಿ. ಹಾರ್ನ್ ಒತ್ತಿದರೆ ಮುಂದಿನ ಕುರಿ ಒಮ್ಮೆ ತಿರುಗಿ ನೋಡಿ ಅಲ್ಲೇ ನಿಲ್ಲುತ್ತದೆ. ತಲುಪುವ ಸಮಯ ಒಂದೊಂದೇ ನಿಮಿಷ ಮುಂದಕ್ಕೆ ಹೋಗುತ್ತದೆ, ಕಾರಣ ಮಾತ್ರ ಯಂತ್ರಕ್ಕೆ ಹೊಳೆಯುವುದಿಲ್ಲ. ‘ಸ್ವಲ್ಪ ತಾಳಿ ಸಾಹುಕಾರರೇ, ಹಳ್ಳದ ಹತ್ತಿರ ಇಳಿಸಿಬಿಡುತ್ತೇನೆ’ ಎಂದು ಯಜಮಾನರು ಹೇಳಿದರೆ ಅದೇ ಆ ದಿನದ ನಿಖರ ಸಂಚಾರ ವರದಿ.

ಎರಡು ನಿಮಿಷದ ಉಳಿತಾಯದ ಆಸೆಯಂತೂ ಕೇಳಲೇಬೇಡಿ. ಭರಮಸಾಗರ ದಾಟಿ ನೆಟ್ಟಗೆ ಹೆದ್ದಾರಿಯಲ್ಲಿ ಹೋಗುತ್ತಿರುವವರಿಗೆ, ಇನ್ನೊಂದು ದಾರಿಯಲ್ಲಿ ಹೋದರೆ ಎರಡು ನಿಮಿಷ ಬೇಗ ತಲುಪಬಹುದು ಎಂಬ ಆಮಿಷ ಪರದೆಯ ಮೇಲೆ ಮೂಡುತ್ತದೆ. ಆ ಎರಡು ನಿಮಿಷ ಉಳಿಸಿ ಊರಿಗೆ ಹೋಗಿ ಮಾಡುವುದೇನು? ಜಗಲಿಯ ಮೇಲೆ ಕೂತು ಮೊಬೈಲ್ ನೋಡುವುದು. ಆದರೂ ತಿರುಗುತ್ತೇವೆ. ಮೊದಲ ಹಳ್ಳಿಯವರೆಗೆ ಡಾಂಬರು ಇರುತ್ತದೆ. ಎರಡನೆಯ ಹಳ್ಳಿ ಬರುವ ಮೊದಲು ಆ ಡಾಂಬರಿನ ಮೇಲೆ ಯಾರೋ ಹುರುಳಿ ಬಳ್ಳಿ ಹರವಿರುತ್ತಾರೆ. ಹೋಗಿ ಬರುವ ವಾಹನಗಳಿಂದಲೇ ಒಕ್ಕಣೆ. ಕಾರು ಆ ಮೆತ್ತೆಯ ಮೇಲೆ ಏರಿದಾಗ ಅಡಿಯಲ್ಲಿ ಚರಚರ ಸದ್ದು, ಚಕ್ರದ ಸುತ್ತ ಬಳ್ಳಿ, ಸೈಲೆನ್ಸರ್ ಹತ್ತಿರ ಒಣಹುಲ್ಲಿನ ಕಮರು ವಾಸನೆ. ಪಕ್ಕದ ಮರದ ಕೆಳಗೆ ಮೊರ ಹಿಡಿದು ನಿಂತ ಅಮ್ಮ ‘ಇನ್ನೊಂದು ಸಲ ಹಿಂದಕ್ಕೆ ಮುಂದಕ್ಕೆ ಮಾಡಿಬಿಡಪ್ಪಾ’ ಎನ್ನುತ್ತಾರೆ. ಮಾಡಿಕೊಟ್ಟೇ ಹೋಗಬೇಕು. ಕಣ ಮಾಡಿಕೊಳ್ಳಲು ಅವರಿಗೆ ಜಾಗವಿಲ್ಲ, ಬೆಂಕಿ ಹತ್ತಿದರೆ ಆರಿಸಲು ನಮ್ಮ ಬಳಿ ನೀರಿಲ್ಲ, ರಸ್ತೆಯಲ್ಲಿ ಒಕ್ಕಬೇಡಿ ಎಂದು ಪ್ರತಿ ಸುಗ್ಗಿಯಲ್ಲೂ ಹೇಳಿಕೆ ಕೊಡುವವರು ಆ ರಸ್ತೆಗೆ ಬರುವುದಿಲ್ಲ.

ದಾವಣಗೆರೆಯೊಳಗೆ ಬಂದರೆ ಇನ್ನೊಂದು ಬಗೆ. ಈಗ ಮದುವೆಯ ಕರೆಯೋಲೆಯಲ್ಲಿ ಗಣಪತಿಯ ಪಕ್ಕದಲ್ಲೇ ಚೌಕಾಕಾರದ ಚುಕ್ಕೆಗಳ ಗುರುತು ಇರುತ್ತದೆ, ಮೊಬೈಲ್ ಹಿಡಿದರೆ ಕಲ್ಯಾಣ ಮಂಟಪಕ್ಕೆ ದಾರಿ. ಅದನ್ನು ನಂಬಿ ಹೋದ ನಾವು ತಲುಪಿದ್ದು ಮಂಟಪದ ಹಿಂಬದಿಯ ಗೋಡೆಗೆ. ರೇಷ್ಮೆ ಸೀರೆಯವರು ಕೊಳದಪ್ಪಲೆ ತೊಳೆಯುತ್ತಿದ್ದವರ ನಡುವೆ ಸೆರಗು ಎತ್ತಿ ಹಿಡಿದು, ಅಡುಗೆ ಭಟ್ಟರ ಬೈಗುಳ ಕೇಳಿಕೊಂಡು, ಸಾರಿನ ಹಬೆಯ ಮೂಲಕ ಮದುವೆ ಪ್ರವೇಶಿಸಿದರು. ಯಂತ್ರದ ಪ್ರಕಾರ ಗುರಿ ತಲುಪಿಯಾಗಿತ್ತು. ದಾರಿಯಲ್ಲಿ ಕೇಳಿದ್ದರೆ ಆಗುತ್ತಿತ್ತು ಎನ್ನುವಂತೆಯೂ ಇಲ್ಲ. ಇಲ್ಲಿ ದಾರಿ ಹೇಳುವವರು ಎಂದೋ ಮುಚ್ಚಿದ ಮಿಲ್ಲು, ಎಂದೋ ಕಡಿದ ಬೇವಿನ ಮರ, ಮಾಲೀಕರು ಬದಲಾದ ಅಂಗಡಿಗಳ ಗುರುತಿನಲ್ಲೇ ಹೇಳುತ್ತಾರೆ. ಜನ ಇಲ್ಲವಾದುದನ್ನು ಹಿಡಿದು ದಾರಿ ಹೇಳಿದರೆ ಮ್ಯಾಪ್ ಇನ್ನೂ ಆಗದಿರುವುದನ್ನು ಹಿಡಿದು ಹೇಳುತ್ತದೆ. ಸದ್ಯಕ್ಕೆ ಇರುವ ರಸ್ತೆಯ ಬಗ್ಗೆ ಯಾರಿಗೂ ಆಸಕ್ತಿಯಿಲ್ಲ.

ಕಾರಿಗೆ ಕಿರಿದೆನಿಸುವ ಬೀದಿಗಳನ್ನು ತಪ್ಪಿಸಿ ದಾರಿ ತೋರಿಸುವ ಸೌಲಭ್ಯವನ್ನು ಗೂಗಲ್ 2024ರಲ್ಲಿ ಬೆಂಗಳೂರು ಸೇರಿದಂತೆ ಎಂಟು ನಗರಗಳಲ್ಲಿ ಶುರು ಮಾಡಿತು. 2016ರ ಜನವರಿಯಲ್ಲಿ ಘೋಷಣೆಯಾದ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿದ್ದ ನಮ್ಮ ಊರು ಈ ಎಂಟರಲ್ಲಿ ಇರಲಿಲ್ಲ. ಇರದಿದ್ದುದೇ ಒಳ್ಳೆಯದಾಯಿತು. ಚೌಕಿಪೇಟೆಯಲ್ಲಿ ನಿಂತು ಕಿರಿದಾದ ಬೀದಿ ತಪ್ಪಿಸು ಎಂದರೆ ಅದು ಸುಮ್ಮನೆ ಕಾರಿನಿಂದ ಇಳಿದುಕೊಳ್ಳಿ ಎನ್ನಬೇಕಾಗುತ್ತಿತ್ತು.

ವಿಜ್ಞಾನ ಸಾಲದು ಎನ್ನುವವರು ಚಳ್ಳಕೆರೆಗೆ ಹೋಗಿ ನೋಡಬೇಕು. 2024ರ ಜೂನ್ 23ರಂದು ಇಸ್ರೋದವರು ಅಲ್ಲಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ವಾಯುಪಡೆಯ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು, ರನ್‌ವೇಯಿಂದ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ ಕೈಬಿಟ್ಟರು. ಒಳಗೆ ಚಾಲಕನಿಲ್ಲ. ಗಾಳಿ ಜೋರಾಗಿತ್ತು. ಜಿಪಿಎಸ್‌ನಂತೆಯೇ ದಾರಿ ತೋರುವ ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತ ಮತ್ತು ಇನ್ನೂ ಹಲವು ಉಪಕರಣಗಳ ನೆರವಿನಿಂದ ಅದು ತಾನೇ ದಾರಿ ತಿದ್ದಿಕೊಂಡು, ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬಂದು ರನ್‌ವೇಯ ನಟ್ಟನಡುವಿನ ಗೆರೆಯ ಮೇಲೆ ಇಳಿಯಿತು. ಅಭಿನಂದನೆ ಸಲ್ಲಲೇಬೇಕು. ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಿಂದಿನ ರಾತ್ರಿ ಕೇಬಲ್ ಹಾಕಲೆಂದು ಆ ರನ್‌ವೇಯನ್ನು ಯಾರೂ ಅಗೆದಿರಲಿಲ್ಲ. ಅದರ ಮೇಲೆ ಜಲ್ಲಿ ಸುರಿದಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಗುತ್ತಿಗೆದಾರರು ಊರು ಬಿಟ್ಟಿರಲಿಲ್ಲ.

2024ರ ನವೆಂಬರಿನಲ್ಲಿ ಉತ್ತರಪ್ರದೇಶದ ಬರೇಲಿ ಕಡೆ ರಾಮಗಂಗಾ ನದಿಯ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಪ್ರವಾಹಕ್ಕೆ ಕೊಚ್ಚಿಹೋಗಿ ತಿಂಗಳುಗಳಾಗಿದ್ದವು. ಮ್ಯಾಪಿನಲ್ಲಿ ಸೇತುವೆ ಪೂರ್ತಿ ಇತ್ತು. ಲೋಕೋಪಯೋಗಿ ಎಂಜಿನಿಯರುಗಳ ಜೊತೆಗೆ ಗೂಗಲ್ ಮ್ಯಾಪ್ಸ್‌ನ ಹೆಸರಿಲ್ಲದ ಅಧಿಕಾರಿಯೊಬ್ಬರ ಮೇಲೂ ಪ್ರಕರಣ ದಾಖಲಾಯಿತು. ಆಗಲಿ, ವಿಚಾರಣೆ ನಡೆಯಲಿ, ಆ ಕಂಪನಿಗೇನೂ ಬಡತನವಿಲ್ಲ. ಆದರೆ ಮುರಿದ ಸೇತುವೆಯ ಬಾಯಲ್ಲಿ ಅಡ್ಡಲಾಗಿ ಒಂದು ಗೋಡೆ ಕಟ್ಟಲು ಉಪಗ್ರಹ ಬೇಕೇ? ಆ್ಯಪ್ ಬೇಕೇ? ಮರಳು ತುಂಬಿದ ನಾಲ್ಕು ಡ್ರಮ್ಮು, ಒಂದು ಕೆಂಪು ದೀಪ. ಇದನ್ನು ಇಡಬೇಕಾಗಿದ್ದವರಿಗೆ ಸಂಬಳವಿತ್ತು, ಜೀಪಿತ್ತು, ಕಚೇರಿಯಿತ್ತು. ನಮ್ಮ ಕಡೆ ಮೋರಿ ಒಡೆದ ರಸ್ತೆಯಲ್ಲಿ ಇಂದಿಗೂ ಇಡುವುದು ಸುಣ್ಣ ಬಳಿದ ಮೂರು ಕಲ್ಲು ಮತ್ತು ಒಂದು ಬೇವಿನ ಕೊಂಬೆ. ಮೊದಲ ದಿನ ಕೊಂಬೆ ಹಸಿರಾಗಿರುತ್ತದೆ. ಮೂರನೇ ದಿನ ಅದನ್ನು ಮೇಕೆ ತಿಂದಿರುತ್ತದೆ. ರಾತ್ರಿ ಹನ್ನೊಂದಕ್ಕೆ ಮಕ್ಕಳನ್ನು ಹಿಂದೆ ಮಲಗಿಸಿಕೊಂಡು ಬರುವವನಿಗೆ ಕಲ್ಲು ಕಾಣುವುದು ಹತ್ತು ಅಡಿಯಲ್ಲಿ. ಬದುಕಿದರೆ ಅದೃಷ್ಟ, ಸತ್ತರೆ ಮ್ಯಾಪ್. ಇದನ್ನು ನಗುತ್ತಾ ಬರೆಯುವುದು ನನಗೂ ಸಾಕಾಗಿದೆ.

ಪೆಟ್ಟಿಗೆಯೋ ಮೊಬೈಲೋ ಎಂದು ಕೇಳಿದವರಿಗೆ ಉತ್ತರ ಕೊಟ್ಟುಬಿಡುತ್ತೇನೆ. ಮೊಬೈಲೇ ಸಾಕು. ಹೊರಡುವ ಮೊದಲು ಮನೆಯಲ್ಲೇ ಆ ಭಾಗದ ನಕ್ಷೆಯನ್ನು ಇಳಿಸಿಕೊಳ್ಳಿ, ಟವರ್ ಇಲ್ಲದ ಕಡೆಯೂ ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟು ಖಾನಾಪುರದ ಕಾಡಿನಲ್ಲಿ ರಾತ್ರಿ ಸಿಕ್ಕಿಕೊಂಡ ಕುಟುಂಬ ಸಿಗ್ನಲ್ ಹುಡುಕಿಕೊಂಡು ನಡೆದು 112ಕ್ಕೆ ಕರೆ ಮಾಡಬೇಕಾಯಿತು, ಅದು ನೆನಪಿರಲಿ. ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಸಿಕ್ಕಿಸಿ, ಕತ್ತಲಾದ ಮೇಲೆ ಹೆದ್ದಾರಿ ಬಿಟ್ಟು ಇಳಿಯಬೇಡಿ, ಎರಡು ನಿಮಿಷದ ಆಮಿಷಕ್ಕೆ ಬೀಳಬೇಡಿ. ಪೆಟ್ಟಿಗೆಗೆಂದು ತೆಗೆದಿಟ್ಟ ಹಣ ಉಳಿಯುತ್ತದೆ. ಅದರಲ್ಲಿ ಒಂದು ಡಬ್ಬ ಕೆಂಪು ಬಣ್ಣ, ಒಂದು ಸುರುಳಿ ರೇಡಿಯಂ ಸ್ಟಿಕರ್ ಕೊಂಡು ನಿಮ್ಮ ಬೀದಿಯ ಗುಂಡಿಯ ಮುಂದಿನ ಕಲ್ಲಿಗೆ ನೀವೇ ಅಂಟಿಸಿ. ಅಂಟಿಸುವಾಗ ಯಾರಾದರೂ ಜೀಪಿನಿಂದಿಳಿದು ಯಾರ ಅನುಮತಿ ಪಡೆದಿದ್ದೀರಿ ಎಂದು ಕೇಳಿದರೆ, ಮ್ಯಾಪ್ ಹೇಳಿತು ಎನ್ನಿ.