ಆರು ಮಾತ್ರೆಯ ಹಾಡೂ ಸಿಂಕ್ ಗುಂಡಿಯೂ

ಇಂದಿರಾನಗರದ ಪಬ್ಬೊಂದರಲ್ಲಿ ಡಿಜೆಯಾಗಿ ನಿಲ್ಲುವ ಅವಕಾಶ ನನಗೆ ದೊರೆತದ್ದು ಪ್ರತಿಭೆಯಿಂದಲ್ಲ, ಮಂಗಳವಾರ ರಾತ್ರಿ ಅಲ್ಲಿಗೆ ಹೆಚ್ಚು ಜನ ಬರುವುದಿಲ್ಲವೆಂಬ ಕಾರಣದಿಂದ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನಲ್ಲಿ ವೇಗವನ್ನು ಶೇ. 8ರಷ್ಟು ಮಾತ್ರ ಏರಿಸಿ ಇಳಿಸಬಹುದಿತ್ತು; ಆ ಕಾಲದವರು ಎರಡು ಗ್ರಾಮಫೋನ್ ತಟ್ಟೆಗಳ ತಾಳವನ್ನು ಕಿವಿಯಿಂದಲೇ ಹೊಂದಿಸಬೇಕಿತ್ತು. ನನ್ನ ಬಳಿಯಾದರೋ ಲ್ಯಾಪ್‌ಟಾಪ್ ಇತ್ತು. ಅದು ಪ್ರತಿ ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಎಂಬುದನ್ನು ಎಣಿಸಿ, ತಾಳ ಬೀಳುವಲ್ಲೆಲ್ಲ ಗೆರೆ ಎಳೆದಿಡುತ್ತದೆ. ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡುಗಳು ಕೈಕೈ ಹಿಡಿದು ನಡೆಯುತ್ತವೆ.

ನಾಲ್ಕು ಮಾತ್ರೆಯ ನಡೆಯ ಕುಣಿತದ ಸಂಗೀತವಾದ ಹೌಸ್‌ನ ಬಹುಪಾಲು 120ರಿಂದ 130 ಬಿಪಿಎಂ ಒಳಗೇ ಇರುವುದರಿಂದ ಮೊದಲ ಒಂದು ಗಂಟೆ ನಾನು ಮಹಾ ವಿದ್ವಾಂಸನಂತೆ ತಲೆಯಾಡಿಸುತ್ತ ಕಳೆದೆ. (ಎಲ್ಲ ಹಾಡೂ ಒಂದೇ ಹಾಡಿನಂತೆ ಕೇಳಿಸುತ್ತಿತ್ತು ಎಂಬುದು ಬೇರೆ ಮಾತು.) ಆಗ ಹುಟ್ಟುಹಬ್ಬದ ಗುಂಪಿನ ಹುಡುಗನೊಬ್ಬ ಮೊಬೈಲ್ ಪರದೆಯನ್ನು ನನ್ನ ಮೂಗಿಗೆ ಹಿಡಿದ: 'ಗುರು, ಒಂದು ಹಳೇ ಕನ್ನಡ ಸಾಂಗ್ ಹಾಕಿ.'

ವೈವಿಧ್ಯ ಬೇಡವೆನ್ನಲು ನಾನ್ಯಾರು? ಎಂಬತ್ತರ ದಶಕದ ಚಿತ್ರಗೀತೆಯೊಂದನ್ನು ಏರಿಸಿದೆ. ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ, ಚರಣಕ್ಕೆ ಬರುವಷ್ಟರಲ್ಲಿ ತಬಲಾದವರು ಹುರುಪಿನಿಂದ ತುಸು ಮುಂದೋಡುವ, ಅದರ ಮೇಲೆ ಆರು ಮಾತ್ರೆಯ ನಡೆಯಿರುವ ಹಾಡು ಅದು. ಲ್ಯಾಪ್‌ಟಾಪ್ ಒಂದಿಷ್ಟೂ ಅಳುಕದೆ '124' ಎಂದು ತೀರ್ಪಿತ್ತಿತು. ನಾನು ಸಿಂಕ್ ಒತ್ತಿದೆ.

ಒಂದು ಕಡೆ ಹೌಸಿನ 'ಧಬ್ ಧಬ್ ಧಬ್ ಧಬ್', ಇನ್ನೊಂದು ಕಡೆ 'ಧಾ ಧಿ ನಾ, ಧಾ ತೂ ನಾ'. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾಲ್ಕು ಸ್ಪೀಕರುಗಳಲ್ಲಿ ಕೇಳುವ ಭಾಗ್ಯ ಅಂದು ನನ್ನದಾಯಿತು. ಕುಣಿಯುತ್ತಿದ್ದವನೊಬ್ಬ ಎತ್ತಿದ ಎಡಗಾಲನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ ಕೊಕ್ಕರೆಯಂತೆ ನಿಂತುಬಿಟ್ಟ. ಗಾಬರಿಯಲ್ಲಿ ಹೌಸಿನ ಸದ್ದು ತಗ್ಗಿಸುವ ಫೇಡರ್ ಇಳಿಸುವ ಬದಲು ನಾನು, ವೇಗ ಬದಲಾದರೂ ಶ್ರುತಿ ಬದಲಾಗದಂತೆ ಕಾಯುವ ಕೀ ಲಾಕ್ ತೆಗೆದು ವೇಗ ಹೆಚ್ಚಿಸಿದೆನಾದ್ದರಿಂದ ಗಂಭೀರ ಕಂಠದ ಗಾಯಕರು ಇದ್ದಕ್ಕಿದ್ದಂತೆ ಬಾಲಕಲಾವಿದರಾದರು.

ವೇಟರ್ ಓಡಿಬಂದರು. 'ಸಾರ್, ಎರಡು ಹಾಡು ಒಟ್ಟಿಗೇ ಬರ್ತಾ ಇದೆ, ಎಲ್ಲೋ ವೈರ್ ಶಾರ್ಟ್ ಆಗಿರ್ಬೇಕು' ಎನ್ನುತ್ತ ಮೊಬೈಲ್ ಟಾರ್ಚ್ ಹಿಡಿದು ಮೇಜಿನಡಿ ನುಸುಳಿದರು.

'ಹೌದು, ನನಗೂ ಹಾಗೇ ಅನ್ನಿಸ್ತು' ಎಂದು ನಾನೂ ಅವರ ಹಿಂದೆಯೇ ಬಗ್ಗಿದೆ.